ಟ್ಯಾಪೆಟ್ ಯಾವ ಜಾತಿ?

ಶಿರಸಿಯಿಂದ ಹುಲೇಕಲ್ ದಾರಿ ಹಿಡಿದರೆ ತೋಟದ ಮನೆಗಳ ಅಂಗಳದಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ಹಳೆ ಜೀಪು ನಿಂತಿರುವುದು ಹೊಸದೇನಲ್ಲ. ಅಡಿಕೆ ಚೀಲ ಸಾಗಿಸಿದ, ದಿಬ್ಬಣ ಹೊತ್ತ, ಮಳೆಗಾಲದ ಕೆಸರು ಹತ್ತಿದ ಗಾಡಿಗಳು. ಊರಿಗೆ ಬಂದ ಮಕ್ಕಳು ಈಗ ಅವನ್ನೇ ‘ಕ್ಲಾಸಿಕ್’ ಎಂದು ಕರೆದು ಎಂಜಿನ್ ಬಿಚ್ಚಿ ಕಟ್ಟಿಸುತ್ತಾರೆ. ಹೀಗೆ ಯಾರೋ ಕಟ್ಟಿದ ಎಂಜಿನ್ ಇನ್ನೊಬ್ಬ ಮೆಕ್ಯಾನಿಕ್ ಕೈಗೆ ಬಂದಾಗ ಏಳುವ ಪ್ರಶ್ನೆ: ಒಳಗಿರುವ ಟ್ಯಾಪೆಟ್ ಯಾವ ಜಾತಿಯದು?

ಕ್ಯಾಮ್ ಶಾಫ್ಟಿನ ಉಬ್ಬಿನ ಮೇಲೆ ಕೂತು, ಅದು ತಿರುಗಿದಂತೆ ಏರಿಳಿದು ವಾಲ್ವ್ ತೆರೆಸುವ ಸಣ್ಣ ಬಿಡಿಭಾಗವೇ ಟ್ಯಾಪೆಟ್. ಗಟ್ಟಿ ಟ್ಯಾಪೆಟ್ಟಿಗೆ ಸಂದು ಬಿಡಬೇಕು, ಏಕೆಂದರೆ ಬಿಸಿಗೆ ಲೋಹ ಹಿಗ್ಗುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ ಆಯಿಲ್ ಒತ್ತಡದಿಂದ ಆ ಸಂದನ್ನು ತಾನೇ ತುಂಬಿಕೊಳ್ಳುತ್ತದೆ. ತಳದಲ್ಲಿ ಗಾಲಿ ಇದ್ದರೆ ರೋಲರ್.

ನಮ್ಮ ಕಡೆಯ ಜೀಪು, ಅಂಬಾಸಿಡರ್, ಪದ್ಮಿನಿಗಳ ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಇರುವುದು ಗಟ್ಟಿ ಟ್ಯಾಪೆಟ್ಟೇ. ಗೊಂದಲ ಬರುವುದು ಅದರ ಸಂದು ಎಲ್ಲಿದೆ ಎನ್ನುವುದರಲ್ಲಿ. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಎಲ್ಲ ವಾಲ್ವುಗಳೂ ಬ್ಲಾಕಿನಲ್ಲೇ, ಸಿಲಿಂಡರಿನ ಪಕ್ಕದಲ್ಲಿವೆ. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಟೇಕ್ ಮೇಲೆ ಹೆಡ್ಡಿಗೆ ಏರಿತು, ಎಕ್ಸಾಸ್ಟ್ ಬ್ಲಾಕಿನಲ್ಲೇ ಉಳಿಯಿತು. ಎರಡೂ 2199 ಸಿಸಿ. ಹೆಡ್ ಎತ್ತರವಾದ್ದರಿಂದ 1953ರ ಸಿಜೆ-3ಬಿಗೆ ಬಾನೆಟ್ಟನ್ನೇ ಎತ್ತರಿಸಿದರು. ಮಹೀಂದ್ರ ದಶಕಗಳ ಕಾಲ ತಯಾರಿಸಿದ್ದು ಇದೇ ರೂಪವನ್ನು. ಹರಿಕೇನ್‌ಗೆ ತಣ್ಣಗಿರುವಾಗ ಇನ್‌ಟೇಕ್ 18 ಥೌ, ಎಕ್ಸಾಸ್ಟ್ 16 ಥೌ ಸಂದು. ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಮೇಲಿನ ಕವರ್ ಮಾತ್ರ ಬಿಚ್ಚಿ ನಾಲ್ಕು ವಾಲ್ವ್ ಸೆಟ್ ಮಾಡಿ ಮುಚ್ಚಿದರೆ ಕೆಲಸ ಅರ್ಧವೇ ಆದಂತೆ. ಉಳಿದ ನಾಲ್ಕು ಪಕ್ಕದ ಕವರ್ ಒಳಗೆ ಕೂತಿವೆ. ಆದರೆ ಬಾನೆಟ್ ನೋಡಿ ಎಂಜಿನ್ ಹೇಳಲು ಹೋಗಬೇಡಿ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು ಎಷ್ಟೋ!

ಹೈಡ್ರಾಲಿಕ್ ಸಿಗುವುದು ಹೆಚ್ಚಾಗಿ ದೊಡ್ಡ ಅಮೆರಿಕನ್ ಕಾರುಗಳಲ್ಲಿ. ಅಲ್ಲೂ ಮಾಡೆಲ್ ಹೆಸರು ನಂಬುವಂತಿಲ್ಲ: 1950ರ ಷೆವ್ರೊಲೆಯಲ್ಲಿ ಪವರ್‌ಗ್ಲೈಡ್ ಗೇರಿನದಕ್ಕೆ ಹೈಡ್ರಾಲಿಕ್, ಕೈಗೇರಿನದಕ್ಕೆ ಗಟ್ಟಿ. ಸ್ಕ್ರೂ, ನಟ್ ಕಂಡೊಡನೆ ಗಟ್ಟಿ ಎಂದು ತೀರ್ಮಾನಿಸುವುದೂ ತಪ್ಪು. ಕೆಲವು ಹೈಡ್ರಾಲಿಕ್ ಎಂಜಿನ್ನುಗಳಲ್ಲಿ ವಾಲ್ವ್ ಒತ್ತುವ ರಾಕರಿಗೂ ನಟ್ ಇರುತ್ತದೆ, ಸಂದು ಬಿಡಲಲ್ಲ, ಟ್ಯಾಪೆಟ್ಟನ್ನು ಸ್ವಲ್ಪ ಒತ್ತಿ ಹಿಡಿಯಲು.

ಹಾಗಾಗಿ ನೋಡುವವರು ಕೈ, ಕಿವಿ ಎರಡನ್ನೂ ಬಳಸುತ್ತಾರೆ. ಒಂದು ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿದ ಸ್ಥಿತಿಗೆ ಎಂಜಿನ್ ತಿರುಗಿಸಿ ರಾಕರ್ ಅಲುಗಿಸಬೇಕು. ಗಟ್ಟಿಯದಾದರೆ ಟಕ್ಕೆಂದು ಸಂದು ಗೊತ್ತಾಗುತ್ತದೆ. ಹೈಡ್ರಾಲಿಕ್‌ನಲ್ಲಿ ಸಂದಿಲ್ಲ, ಬಲವಾಗಿ ಒತ್ತಿ ಹಿಡಿದರೆ ಜೋನಿಬೆಲ್ಲದಲ್ಲಿ ಚಮಚ ಇಳಿದಂತೆ ನಿಧಾನ ಕೆಳಗಿಳಿಯುತ್ತದೆ. ಶುರು ಮಾಡಿದಾಗ ಟಿಕ್ ಟಿಕ್ ಎಂದು ಆಯಿಲ್ ತುಂಬಿದ ಮೇಲೆ ಸುಮ್ಮನಾದರೆ ಅದೂ ಹೈಡ್ರಾಲಿಕ್‌ನ ಗುಣವೇ. ಇನ್ನೂ ಅನುಮಾನವಿದ್ದರೆ ಒಂದನ್ನು ಹೊರತೆಗೆಯುವುದೇ ಸರಿ: ಪಕ್ಕದಲ್ಲಿ ಆಯಿಲ್ ತೂತು, ಮೇಲೆ ಒಳಗಿನ ಪ್ಲಂಜರನ್ನು ಹಿಡಿದಿಡುವ ಲಾಕ್ ರಿಂಗ್ ಕಂಡರೆ ಪ್ರಶ್ನೆ ಮುಗಿಯಿತು.

ಇಷ್ಟೆಲ್ಲ ಯಾಕೆಂದರೆ, ಗಟ್ಟಿ ಟ್ಯಾಪೆಟ್ಟನ್ನು ಹೈಡ್ರಾಲಿಕ್ ಎಂದುಕೊಂಡು ಬಿಗಿದರೆ ವಾಲ್ವ್ ಪೂರ್ತಿ ಕೂರದೆ ಸುಟ್ಟುಹೋಗುತ್ತದೆ. ಚಪ್ಪಟೆ ತಳದ ಟ್ಯಾಪೆಟ್ ಬಿಚ್ಚಿದಾಗ ಯಾವುದು ಯಾವ ತೂತಿನದೆಂದು ಗುರುತು ಮಾಡಿ, ಅಲ್ಲಿಗೇ ಹಾಕಬೇಕು. ಪ್ರತಿಯೊಂದೂ ತನ್ನ ಉಬ್ಬಿನ ಜೊತೆಗೇ ಸವೆದಿರುತ್ತದೆ. ಕ್ಯಾಮ್ ಹೊಸದಾದರೆ ಟ್ಯಾಪೆಟ್ಟೂ ಹೊಸದೇ ಆಗಬೇಕು. ಆಯಿಲ್ ಕೊಳ್ಳುವಾಗ ಈ ಸವೆತ ತಡೆಯುವ ಜಿಂಕ್ ಇರುವುದನ್ನೇ ಕೇಳಿ. ಈಗಿನ ಕಾರುಗಳ ಆಯಿಲಿನಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ.