ಕಡಲ ತಳದಲ್ಲಿ ಕರೆಂಟಿನ ದಾರಿ

ನಮ್ಮೂರಿಗೆ ಕರೆಂಟು ಹೇಗೆ ಬರುತ್ತದೆ? ಕಂಬದಿಂದ ಕಂಬಕ್ಕೆ ತಂತಿ ಎಳೆದಿದ್ದಾರೆ. ಆ ತಂತಿಯಲ್ಲಿ ಬರುತ್ತದೆ. ಇದು ನಮಗೆಲ್ಲ ಗೊತ್ತು. ನಡುವೆ ಹೊಲ ಇದ್ದರೆ ಹೊಲದಲ್ಲಿ ಕಂಬ ನೆಡುತ್ತಾರೆ. ಗುಡ್ಡ ಇದ್ದರೆ ಗುಡ್ಡದ ಮೇಲೆ ನೆಡುತ್ತಾರೆ. ಆದರೆ ಊರಿನ ಸುತ್ತ ಸಮುದ್ರವೇ ಇದ್ದರೆ? ಆಗ ಏನು ಮಾಡೋದು?

ಸುತ್ತಲೂ ನೀರಿರುವ ನೆಲಕ್ಕೆ ದ್ವೀಪ ಎನ್ನುತ್ತಾರೆ. ನಡುಗಡ್ಡೆ ಅಂತಲೂ ಕರೆಯುತ್ತೇವೆ. ಅಂಥ ಒಂದು ದ್ವೀಪಕ್ಕೆ ಕರೆಂಟು ಬಂದ ವಿಷಯವನ್ನು ಈಗ ತಿಳಿಯೋಣ.

ಘಾರಾಪುರಿಗೆ ಬೆಳಕು ಬಂತು

ಮುಂಬಯಿಯ ಹತ್ತಿರ ಸಮುದ್ರದಲ್ಲಿ ಘಾರಾಪುರಿ ಎಂಬ ದ್ವೀಪವಿದೆ. ಎಲಿಫೆಂಟಾ ಎಂಬುದು ಇದರ ಇನ್ನೊಂದು ಹೆಸರು. ಅಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಿವೆ. ಮೂರು ಮುಖದ ದೊಡ್ಡ ಶಿವನ ಮೂರ್ತಿಯಿದೆ. ಮುಂಬಯಿಯಿಂದ ದೋಣಿಯಲ್ಲಿ ಹೋದರೆ ಸುಮಾರು ಒಂದು ಗಂಟೆಯ ದಾರಿ. ದೇಶ ವಿದೇಶದ ಜನ ನೋಡಲು ಬರುತ್ತಾರೆ. ಸಂಜೆ ವಾಪಸು ಹೋಗುತ್ತಾರೆ.

ಆದರೆ ಅಲ್ಲೇ ಬಾಳುವ ಜನ ಎಲ್ಲಿಗೆ ಹೋಗಬೇಕು? ದ್ವೀಪದಲ್ಲಿ ರಾಜಬಂದರ್, ಶೇತಬಂದರ್, ಮೋರಾಬಂದರ್ ಎಂಬ ಮೂರು ಹಳ್ಳಿಗಳಿವೆ. ರಾತ್ರಿ ಆದರೆ ಆಚೆ ದಡದ ಪಟ್ಟಣದ ದೀಪಗಳು ಅವರಿಗೆ ಕಾಣುತ್ತಿದ್ದವು. ತಮ್ಮ ಮನೆಯಲ್ಲಿ ಮಾತ್ರ ಕತ್ತಲೆ. ಡೀಸೆಲ್ ಜನರೇಟರ್ ಒಂದಿತ್ತು. ಅದು ಸಂಜೆ ಮೂರು ಗಂಟೆ ಹೊತ್ತು ಓಡುತ್ತಿತ್ತು. ಆಮೇಲೆ ಬಂದ್. ಮಕ್ಕಳ ಓದು, ಹೆಂಗಸರ ಅಡುಗೆ, ಎಲ್ಲ ಆ ಮೂರು ಗಂಟೆಯಲ್ಲೇ ಮುಗಿಯಬೇಕು. ಇಲ್ಲವಾದರೆ ಬುಡ್ಡಿ ದೀಪ, ಮೇಣದ ಬತ್ತಿ.

ಕಡೆಗೆ ಸಮುದ್ರದ ತಳದಲ್ಲಿ ಕೇಬಲ್ ಹಾಕಿದರು. ಉದ್ದ ಏಳೂವರೆ ಕಿಲೋಮೀಟರು. ಖರ್ಚು ಸುಮಾರು 25 ಕೋಟಿ ರೂಪಾಯಿ. 2018ರ ಫೆಬ್ರವರಿ 22ರಂದು ಮೂರೂ ಹಳ್ಳಿಗಳಿಗೆ ಕರೆಂಟು ಬಂತು. ಸ್ವಾತಂತ್ರ್ಯ ಬಂದು 70 ವರ್ಷ ಆದ ಮೇಲೆ ಬಂತು!

ನೀರಿನಲ್ಲಿ ಕಂಬ ಯಾಕೆ ನೆಡಲಿಲ್ಲ ಅಂತ ನೀವು ಕೇಳಬಹುದು. ಅದು ಹಡಗು ಓಡಾಡುವ ಜಾಗ. ಹಡಗುಗಳು ಬಹಳ ಎತ್ತರ. ತಂತಿ ಅಡ್ಡ ಬಂದರೆ ಅಪಾಯ. ಮೇಲೆ ದಾರಿ ಇಲ್ಲದಿದ್ದರೆ ಕೆಳಗೆ ದಾರಿ ಹುಡುಕಬೇಕು.

ಕೇಬಲ್ ಒಳಗೆ ಏನಿದೆ?

ಬರಿಯ ತಂತಿಯನ್ನು ಸಮುದ್ರಕ್ಕೆ ಹಾಕಿದರೆ ಏನಾಗುತ್ತದೆ? ಉಪ್ಪು ನೀರಿನಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ. ಕರೆಂಟು ನೀರಿನ ಪಾಲಾಗುತ್ತದೆ. ಅದಕ್ಕೇ ತಂತಿಯ ಮೇಲೆ ಹಲವು ಹೊದಿಕೆ ಹಾಕುತ್ತಾರೆ. ಈರುಳ್ಳಿ ನೋಡಿದ್ದೀರಲ್ಲ? ಪದರದ ಮೇಲೆ ಪದರ. ಈ ಕೇಬಲ್ ಕೂಡ ಹಾಗೆಯೇ.

ನಡುವೆ ತಾಮ್ರದ ಅಥವಾ ಅಲ್ಯೂಮಿನಿಯಂ ತಂತಿ ಇರುತ್ತದೆ. ಕರೆಂಟು ಹರಿಯುವುದು ಇದರಲ್ಲೇ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಪದರ. ಇದು ಕರೆಂಟನ್ನು ಹೊರಗೆ ಬಿಡುವುದಿಲ್ಲ. ಅದರ ಮೇಲೆ ನೀರು ತಡೆಯುವ ಪದರ. ಅನೇಕ ಕೇಬಲ್‌ಗಳಲ್ಲಿ ಇದನ್ನು ಸೀಸದಿಂದ ಮಾಡುತ್ತಾರೆ. ಅದರ ಮೇಲೆ ಸುತ್ತಲೂ ಉಕ್ಕಿನ ಸರಿಗೆಗಳು. ಇವು ಕೇಬಲ್‌ಗೆ ಕವಚ ಇದ್ದ ಹಾಗೆ. ಎಲ್ಲಕ್ಕಿಂತ ಹೊರಗೆ ಇನ್ನೊಂದು ಹೊದಿಕೆ.

ಈ ಕೇಬಲನ್ನು ದೊಡ್ಡ ಉರುಳೆಗೆ ಸುತ್ತಿ ಹಡಗಿನಲ್ಲಿ ಒಯ್ಯುತ್ತಾರೆ. ಹಡಗು ನಿಧಾನವಾಗಿ ಸಾಗುತ್ತದೆ. ಕೇಬಲ್ ಮೆಲ್ಲಗೆ ಕೆಳಗೆ ಇಳಿಯುತ್ತದೆ. ಹಡಗಿನ ಲಂಗರು, ಮೀನಿನ ಬಲೆ, ಇವೇ ಕೇಬಲಿನ ದೊಡ್ಡ ಶತ್ರುಗಳು. ಆದ್ದರಿಂದ ಸಾಧ್ಯವಾದ ಕಡೆಯೆಲ್ಲ ತಳದ ಮಣ್ಣಿನಲ್ಲಿ ಸಾಲು ತೆಗೆದು ಹೂಳುತ್ತಾರೆ. ನಾವು ಹೊಲದಲ್ಲಿ ನೇಗಿಲಿನಿಂದ ಸಾಲು ತೆಗೆಯುವುದಿಲ್ಲವೇ, ಹಾಗೆ.

ಘಾರಾಪುರಿಯ ಕೇಬಲಿನಲ್ಲಿ ಹರಿಯುವ ಕರೆಂಟು 22 ಸಾವಿರ ವೋಲ್ಟಿನದು. ವೋಲ್ಟು ಹೆಚ್ಚಿದ್ದರೆ ದಾರಿಯಲ್ಲಿ ಕರೆಂಟು ಪೋಲಾಗುವುದು ಕಡಿಮೆ. ಆದರೆ ಮನೆಗೆ ಬೇಕಾದ್ದು 230 ವೋಲ್ಟು ಮಾತ್ರ. ಅದಕ್ಕೇ ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಇಡುತ್ತಾರೆ. ನಮ್ಮ ಕಡೆ ಟಿ.ಸಿ. ಅಂತೀವಲ್ಲ, ಅದೇ. ಅದು ವೋಲ್ಟನ್ನು ಇಳಿಸಿ ಮನೆಗೆ ಕೊಡುತ್ತದೆ.

ಕೇಬಲ್ ಕೆಟ್ಟರೆ?

ಆಫ್ರಿಕದ ಪೂರ್ವ ಕರಾವಳಿಯಲ್ಲಿ ಜಾಂಜಿಬಾರ್ ದ್ವೀಪಗಳಿವೆ. ಅವು ಟಾಂಜಾನಿಯ ದೇಶಕ್ಕೆ ಸೇರಿವೆ. ಅಲ್ಲಿನ ದೊಡ್ಡ ದ್ವೀಪಕ್ಕೆ 1980ರಲ್ಲಿ ಸಮುದ್ರದ ಕೇಬಲ್ ಹಾಕಿದರು. ವರ್ಷ ಕಳೆದಂತೆ ಜನ ಹೆಚ್ಚಿದರು. ಹೋಟೆಲುಗಳು ಹೆಚ್ಚಿದವು. ಕೇಬಲ್ ಮಾತ್ರ ಅದೇ ಹಳೆಯದು. ಒಂದೇ ಎತ್ತಿಗೆ ಇಡೀ ಗಾಡಿಯ ಭಾರ ಹೊರಿಸಿದ ಹಾಗಾಯಿತು.

2008ರ ಮೇ ತಿಂಗಳಲ್ಲಿ ಕರೆಂಟು ನಿಂತಿತು. ಸುಮಾರು ನಾಲ್ಕು ವಾರ ಬರಲಿಲ್ಲ. 2009ರ ಡಿಸೆಂಬರಿನಲ್ಲಿ ಮತ್ತೆ ನಿಂತಿತು. ಈ ಸಲ ಸುಮಾರು ಮೂರು ತಿಂಗಳು!

ಕರೆಂಟು ಹೋದರೆ ದೀಪ ಮಾತ್ರ ಆರುತ್ತದೆಯೇ? ಇಲ್ಲ. ನೀರಿನ ಪಂಪು ನಿಂತಿತು. ನಲ್ಲಿ ಒಣಗಿತು. ಹೆಂಗಸರು, ಮಕ್ಕಳು ದೂರದಿಂದ ನೀರು ಹೊತ್ತರು. ಮೀನು ಕೆಟ್ಟಿತು. ಹಣ ಇದ್ದವರು ಜನರೇಟರ್ ಇಟ್ಟರು. ಇಲ್ಲದವರ ಕೆಲಸ ನಿಂತಿತು, ಕೂಲಿ ಹೋಯಿತು. ಕತ್ತಲೆಯ ಪೆಟ್ಟು ಬಡವರಿಗೇ ಹೆಚ್ಚು.

2013ರಲ್ಲಿ ಹೊಸ ಕೇಬಲ್ ಬಂತು. ಇದು ಹಳೆಯದರ ಎರಡು ಪಟ್ಟಿಗಿಂತ ಹೆಚ್ಚು ಕರೆಂಟು ತರಬಲ್ಲದು. ಊರು ಬೆಳೆದರೆ ಸಾಲದು. ಊರಿನ ಸೌಕರ್ಯವೂ ಜೊತೆಗೇ ಬೆಳೆಯಬೇಕು. ಕೆಟ್ಟ ಮೇಲೆ ಓಡಾಡುವುದಕ್ಕಿಂತ ಮೊದಲೇ ಯೋಚಿಸಬೇಕು. ಈ ಮಾತು ದ್ವೀಪಕ್ಕೂ ಸರಿ, ನಮ್ಮೂರಿಗೂ ಸರಿ.

ನಾವು ನೆನಪಿಡೋಣ

ಸಮುದ್ರದ ಕೇಬಲಿಗೆ ಅಷ್ಟು ಪದರ ಯಾಕೆ? ನೀರು, ಕರೆಂಟು ಒಂದಕ್ಕೊಂದು ಸೇರಬಾರದು ಅಂತ. ನಮ್ಮ ಮನೆಯಲ್ಲೂ ಇದೇ ನಿಯಮ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡಿ. ಸಿಪ್ಪೆ ಹೋದ ವೈರನ್ನು ಇಟ್ಟುಕೊಳ್ಳಬೇಡಿ. ಬಟ್ಟೆ ಒಣಗಿಸುವ ತಂತಿಯನ್ನು ಕರೆಂಟು ಕಂಬಕ್ಕೆ ಕಟ್ಟಬೇಡಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಬೇರೆಯವರನ್ನೂ ಬಿಡಬೇಡಿ. ಕೂಡಲೇ ಲೈನ್‌ಮನ್‌ಗೆ ತಿಳಿಸಿ.

ಓದಿದಿರಿ, ಈಗ ಹೇಳಿ

1. ದ್ವೀಪ ಎಂದರೇನು?
2. ಘಾರಾಪುರಿಯ ಹಳ್ಳಿಗಳಿಗೆ ಯಾವ ವರ್ಷ ಕೇಬಲಿನಿಂದ ಕರೆಂಟು ಬಂತು?
3. ಕೇಬಲಿನ ಪದರಗಳು ಯಾವುವು? ಒಂದೊಂದರ ಕೆಲಸ ಏನು?
4. ನಮ್ಮೂರಿನಲ್ಲಿ ಒಂದು ತಿಂಗಳು ಕರೆಂಟು ಇಲ್ಲದಿದ್ದರೆ ಏನೇನು ನಿಲ್ಲುತ್ತದೆ? ಎಲ್ಲರೂ ಕೂಡಿ ಪಟ್ಟಿ ಮಾಡಿ, ಬರೆಯಿರಿ.