ಹೆರಿಗೆಮನೆ ಮತ್ತು ಗ್ರಂಥಭಂಡಾರ

ಕವಿರಾಜಮಾರ್ಗದ ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವು ಸೇಡಂ ತಾಲ್ಲೂಕಿಗೆ ಸೇರಿದೆ. ಶಹಾಬಾದಿನ ಹಾಸುಗಲ್ಲು, ವಾಡಿಯ ಸಿಮೆಂಟು ನಾಡಿಗೆಲ್ಲ ಪರಿಚಿತವಾದವು. ಆದರೆ ಇಲ್ಲಿನ ವೈದ್ಯನಿಗೆ ಪ್ರಸೂತಿಶಾಸ್ತ್ರದ ಗ್ರಂಥವೊಂದು ಬೇಕಾದಲ್ಲಿ ಕಲಬುರಗಿಯತ್ತ ನೋಡಬೇಕು. ಅಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಚಿತ್ತಾಪುರದವನಿಗೆ ಆ ಊರು ಸಮೀಪವೆನಿಸಬಹುದು. ಗಡಿಯ ಚಿಂಚೋಳಿಯವನಿಗೆ ಹಾಗಲ್ಲ. ಹೆರಿಗೆಯ ನೋವಾದರೋ ಬಸ್ಸಿಗಾಗಿ ಕಾಯುವುದಿಲ್ಲ.

ಗ್ರಂಥಗಳಿದ್ದ ಮಾತ್ರಕ್ಕೆ ಬೇಕಾದುದು ದೊರೆಯುವುದೆ? ಒಬ್ಬ ಲೇಖಕನು ‘ಪ್ರಸವಾನಂತರದ ರಕ್ತಸ್ರಾವ’ ಎಂದು ಬರೆದರೆ, ಮತ್ತೊಬ್ಬನು ‘ಬಾಣಂತಿಯ ರಕ್ತನಷ್ಟ’ ಎನ್ನುವನು. ಈ ತೊಡಕನ್ನು ನೀಗಲು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1960ರಲ್ಲಿ ವಿಷಯಶೀರ್ಷಿಕೆಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಒಂದು ವಿಷಯಕ್ಕೆ ಒಂದೇ ಶೀರ್ಷಿಕೆ. ಲೇಖಕನ ಮಾತು ಯಾವುದೇ ಇರಲಿ, ಲೇಖನವು ಆ ಶೀರ್ಷಿಕೆಯಡಿಯಲ್ಲಿಯೇ ಸಿಗುತ್ತದೆ. 1879ರಲ್ಲಿ ಜಾನ್ ಷಾ ಬಿಲ್ಲಿಂಗ್ಸ್ ಆರಂಭಿಸಿದ ‘ಇಂಡೆಕ್ಸ್ ಮೆಡಿಕಸ್’ ಎಂಬ ದಪ್ಪ ಸೂಚಿಯ ಕೆಲಸವನ್ನು ಇಂದು ‘ಪಬ್‌ಮೆಡ್’ ಮಾಡುತ್ತಿದೆ. 1997ರಿಂದ ಅದು ಎಲ್ಲರಿಗೂ ಉಚಿತ. ಲೇಖನದ ಸಾರಾಂಶವು ವಾಡಿಯ ರೈಲು ನಿಲ್ದಾಣದಲ್ಲಿ ಕುಳಿತವನ ಕೈಗೂ ಎಟುಕುತ್ತದೆ. ಪೂರ್ಣ ಲೇಖನಕ್ಕೆ ಹಲವು ವೇಳೆ ಗ್ರಂಥಪಾಲಕನ ನೆರವು ಬೇಕು.

ಹುಡುಕುವವನು ಮೊದಲು ತನ್ನ ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು: ರೋಗಿ ಯಾರು, ಔಷಧ ಯಾವುದು, ಯಾವುದರೊಡನೆ ಹೋಲಿಕೆ, ಬಯಸಿದ ಫಲವೇನು? ಹಳ್ಳಿಯ ಹೆರಿಗೆಯಲ್ಲಿ ರಕ್ತಸ್ರಾವವನ್ನು ಮಾತ್ರೆಯಿಂದ ತಡೆಯಬಹುದೆ ಎಂದು ಹೀಗೆ ಕೇಳಿದವನಿಗೆ ಬೆಳಗಾವಿ ಜಿಲ್ಲೆಯದೇ ಉತ್ತರ ದೊರೆಯುತ್ತದೆ. ಅಲ್ಲಿ 1620 ಸ್ತ್ರೀಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರೋಗ್ಯ ಸಹಾಯಕಿಯರು ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಾಗ ಪ್ರಸವಾನಂತರದ ರಕ್ತಸ್ರಾವವು ಶೇಕಡಾ 12ರಿಂದ 6.4ಕ್ಕೆ ಇಳಿಯಿತು.

ದೊರೆತ ಲೇಖನವೊಂದನ್ನೇ ನಂಬುವುದು ಅಪಾಯಕರ. ದಿನ ತುಂಬದೆ ಹೆರುವ ತಾಯಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಶಿಶುವಿನ ಶ್ವಾಸಕೋಶ ಬಲಿಯುವುದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿಯೇ ತೋರಿಸಿದ್ದರು. ಅನಂತರದ ಪರೀಕ್ಷೆಗಳ ವರದಿಗಳು ಬೇರೆಬೇರೆ ಪತ್ರಿಕೆಗಳಲ್ಲಿ ಚದುರಿ ಬಿದ್ದಿದ್ದವು. ಅವನ್ನು ಒಟ್ಟುಗೂಡಿಸಿ ತೂಗುವವರಿಲ್ಲದೆ ಸುಮಾರು ಎರಡು ದಶಕ ಕಳೆಯಿತು. ಉಳಿಯಬಹುದಾಗಿದ್ದ ಎಷ್ಟೋ ಕೂಸುಗಳು ಉಳಿಯಲಿಲ್ಲ. 1993ರಲ್ಲಿ ಹುಟ್ಟಿದ ಕೊಕ್ರೇನ್ ಸಂಸ್ಥೆಯು ಇಂತಹ ಒಟ್ಟುಗೂಡಿಸುವಿಕೆಯನ್ನೇ ಕಾಯಕವಾಗಿಸಿಕೊಂಡು, ಆ ಪರೀಕ್ಷೆಗಳ ರೇಖಾಚಿತ್ರವನ್ನು ತನ್ನ ಲಾಂಛನವಾಗಿಸಿಕೊಂಡಿತು.

ವಿಷಯ ಅಲ್ಲಿಗೇ ಮುಗಿಯಲಿಲ್ಲ. ಬೆಳಗಾವಿಯೂ ಸೇರಿದಂತೆ ಆರು ದೇಶಗಳ ಪ್ರದೇಶಗಳಲ್ಲಿ ಇದೇ ಔಷಧವನ್ನು ಹಳ್ಳಿಗಳಿಗೂ ವಿಸ್ತರಿಸಿದಾಗ, ಒಟ್ಟಾರೆ ನವಜಾತ ಶಿಶುಗಳ ಮರಣ ಹೆಚ್ಚಿತೆಂದು 2015ರ ವರದಿ ತಿಳಿಸಿತು. ಸಜ್ಜಾದ ಆಸ್ಪತ್ರೆಗಳಲ್ಲಿ ಕೊಟ್ಟಾಗ ಮರಣ ತಗ್ಗಿತೆಂದು 2020ರಲ್ಲಿ ತಿಳಿದುಬಂದಿತು. ಆದುದರಿಂದ ಚಿಂಚೋಳಿಯ ವೈದ್ಯನು ಲೇಖನದ ವರ್ಷವನ್ನೂ ಪರೀಕ್ಷೆ ನಡೆದ ಸ್ಥಳವನ್ನೂ ಓದಿ, ತನ್ನಲ್ಲಿ ಬಸಿರಿನ ವಾರಗಳನ್ನು ನಿಖರವಾಗಿ ಎಣಿಸುವ ಸಾಧನವೂ ಎಳೆಗೂಸಿನ ಆರೈಕೆಯ ಕೊಠಡಿಯೂ ಇವೆಯೇ ಎಂದು ನೋಡಿಕೊಂಡು, ಇಲ್ಲವಾದರೆ ತಾಯಿಯನ್ನು ಹೆರಿಗೆಗೆ ಮೊದಲೇ ಕಲಬುರಗಿಗೆ ಕಳುಹಿಸುತ್ತಾನೆ.