ಬಂಪರಿನ ಕಪ್ಪು ಎಲ್ಲಿಗೆ ಹೋಯಿತು?

ನಮ್ಮ ಕಡೆಯ ಮನೆಯಂಗಳಗಳಲ್ಲಿ ನಿಂತಿರುವ ಏಳೆಂಟು ವರ್ಷ ಹಳೆಯ ಕಾರುಗಳನ್ನು ನೋಡಿ. ಮೈಯ ಬಣ್ಣ ಇನ್ನೂ ಮಿರುಗುತ್ತಿರುತ್ತದೆ. ಆದರೆ ಬಂಪರಿನ ಕೆಳ ಅಂಚು, ಕನ್ನಡಿಯ ಕವಚ, ವೈಪರಿನ ಬುಡದ ಪಟ್ಟಿ ಮೊದಲಾದ ಕಪ್ಪು ಪ್ಲಾಸ್ಟಿಕ್ ಭಾಗಗಳು ಬೂದಿ ಬಳಿದಂತೆ ಬಿಳಚಿಕೊಂಡಿರುತ್ತವೆ. ಮಾರಲು ಹೊರಟಾಗ ಈ ಬಿಳಚನ್ನೇ ತೋರಿಸಿ ಬೆಲೆ ಇಳಿಸುವವರಿದ್ದಾರೆ. ಅದಕ್ಕೇ ಎಣ್ಣೆ ಸವರಿ ಹೊಸತೆಂಬಂತೆ ತೋರಿಸಿ ಮಾರುವವರೂ ಇದ್ದಾರೆ. ಎರಡು ಕಡೆಯಿಂದಲೂ ನಷ್ಟ, ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಹಳೆಯ ಗಾಡಿ ಕೊಳ್ಳುವ ಸಂಸಾರಸ್ಥರಿಗೇ.

ಅಂಬಾಸಡರ್ ಕಾಲದ ಬಂಪರು ಲೋಹದ್ದು. ಅದಕ್ಕೆ ತುಕ್ಕಿನ ಭಯವಿತ್ತು. ಫ್ರಾನ್ಸಿನಲ್ಲಿ 1972ರಲ್ಲಿ ಹೊರಬಂದ ರೆನೊ 5 ಕಾರಿನಿಂದ ಪ್ಲಾಸ್ಟಿಕ್ ಬಂಪರು ಜನಸಾಮಾನ್ಯರ ವಾಹನಕ್ಕೆ ಬಂತು. ಇಂದು ಈ ಭಾಗಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕಿನವು. ಹಗುರ, ಅಗ್ಗ, ತುಕ್ಕಿಲ್ಲ. ಬಿಸಿಲು ಮಾತ್ರ ಅದಕ್ಕೆ ಆಗದು.

ಕಪ್ಪು ಬಣ್ಣ ಕೊಡುವುದು ಒಂದು ಬಗೆಯ ಇದ್ದಲಿನ ಹುಡಿ. ಅದು ಅಷ್ಟು ಸುಲಭದಲ್ಲಿ ಮಾಸುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಡುವುದು ಅದರ ಸುತ್ತಲಿನ ಪ್ಲಾಸ್ಟಿಕ್. ಮೇಲಿನ ತೆಳು ಪದರ ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗಿ ಒರಟಾಗುತ್ತದೆ. ಒರಟು ಮೈಯಲ್ಲಿ ಬೆಳಕು ಚೆದರಿದಾಗ ಬೂದುಬಣ್ಣ ಕಾಣುತ್ತದೆ. ಒಣಗಿದ ಕರಿಗಲ್ಲು ಬಿಳಚಾಗಿದ್ದು ಮಳೆಗೆ ನೆನೆದೊಡನೆ ಕಪ್ಪಾಗುವುದಿಲ್ಲವೇ? ಹಾಗೆಯೇ ಇದು. ಕಪ್ಪು ಹೋಗಿಲ್ಲ, ಒಳಗೇ ಇದೆ.

ತೆಂಗಿನೆಣ್ಣೆಯ ಗುಟ್ಟೂ ಇಷ್ಟೇ. ಎಣ್ಣೆ ಬಿರುಕುಗಳನ್ನು ತುಂಬುತ್ತದೆ, ಕಪ್ಪು ಮರಳುತ್ತದೆ. ಒಂದೆರಡು ಜೋರು ಮಳೆಗೆ ಅದು ತೊಳೆದುಹೋಗುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಮಣ್ಣುರಸ್ತೆಯ ಕೆಂಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಚಿಮಿಣಿ ಎಣ್ಣೆ, ಡೀಸೆಲುಗಳನ್ನಂತೂ ಹಚ್ಚಲೇಬಾರದು. ಪಕ್ಕದ ರಬ್ಬರು ಅದರಿಂದ ಉಬ್ಬಿ ಕೆಡುತ್ತದೆ. ಬೂಟುಪಾಲಿಶಿನ ಉಪಾಯವೂ ಬೇಡ. ಒರಗಿದವರ ಬಿಳಿ ಪಂಚೆಗೆ ಅದು ಗುರುತು ಬಿಡುತ್ತದೆ. ಬಿಸಿಗಾಳಿ ಯಂತ್ರ ಹಿಡಿದು ಕಪ್ಪು ಬರಿಸುವವರೂ ಇದ್ದಾರೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ, ಯಂತ್ರದ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಕೈ ಒಂದು ಕ್ಷಣ ನಿಂತರೆ ಬಂಪರು ಸೊಟ್ಟಗಾಯಿತೆಂದೇ ತಿಳಿಯಿರಿ.

ಅಂಗಡಿಯ ದ್ರಾವಣಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಸಿಲಿಕೋನಿನ ಹೊಳಪು ಅಗ್ಗ. ಕೆಲವು ವಾರಗಳ ಮಾತು. ಹಚ್ಚಿದ ಮೇಲೆ ಗಟ್ಟಿಯಾಗಿ ಪದರ ಕಟ್ಟುವ ಲೇಪನಕ್ಕೆ ಬೆಲೆ ಹೆಚ್ಚು, ಆದರೆ ಅದು ತಿಂಗಳುಗಟ್ಟಲೆ ಬಾಳುತ್ತದೆ. ನಮ್ಮ ಮತ ಎರಡನೆಯದಕ್ಕೆ. ಬಾಟಲಿಯ ಸೂಚನೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಅದೂ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಇರುವುದರಿಂದ ಕ್ರಮವನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಮೊದಲು ನೀರೆರಚಿ ನೋಡಿ. ಒದ್ದೆಯಾದಾಗ ಕಪ್ಪು ಮರಳಿದರೆ ಲೇಪನ ಫಲಿಸೀತು. ಬಿರುಕು ಕಣ್ಣಿಗೇ ಕಾಣುತ್ತಿದ್ದರೆ ಆ ಭಾಗವನ್ನು ಬದಲಿಸುವುದೇ ಲೇಸು. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಶಾಂಪೂ ನೀರಿನಿಂದ ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಸಂದುಸಂದನ್ನೂ ಉಜ್ಜಬೇಕು. ಬಿಳಿ ಮೇಣದ ಪಾಲಿಶು ತಾಗಿದ ಕಲೆಗಳೂ ಆಗಲೇ ಹೋಗಬೇಕು. ಅನಂತರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಹಳೆಯ ಎಣ್ಣೆಯ ಪಸೆ ತೆಗೆಯಬೇಕು. ಎಲ್ಲರೂ ಅವಸರಪಡುವುದು ಇಲ್ಲಿಯೇ, ಕೆಲಸ ಕೆಡುವುದೂ ಇಲ್ಲಿಯೇ. ಪಸೆ ಉಳಿದರೆ ಲೇಪನ ಹಿಡಿಯದು. ಪೂರ್ತಿ ಒಣಗಿದ ಮೇಲೆ ಬಣ್ಣದ ಅಂಚಿಗೆ ಟೇಪು ಅಂಟಿಸಿ, ಸ್ಪಂಜಿಗೆ ನಾಲ್ಕು ಹನಿ ಹಾಕಿ ತೆಳುವಾಗಿ ಸವರಿ, ಹೆಚ್ಚಾದುದನ್ನು ಒರೆಸಿ ತೆಗೆಯಿರಿ. ಒಂದು ದಿನ ನೀರು ತಾಗಬಾರದು. ಆದುದರಿಂದ ದೀಪಾವಳಿ ಕಳೆದು ಮಳೆ ಹಿಮ್ಮೆಟ್ಟಿದ ಮೇಲೆ ಮಾಡುವುದು ಅನುಕೂಲ. ಮುಂದಿನ ಬಿಸಿಲಿಗೂ ರಕ್ಷಣೆ ಸಿಕ್ಕಿತು.

ಹಳೆಯ ಗಾಡಿ ಕೊಳ್ಳಲು ಹೋಗುವವರು ಕಿಸೆಯಲ್ಲಿ ಒಂದು ಬಿಳಿ ಬಟ್ಟೆಯ ತುಂಡು ಇಟ್ಟುಕೊಳ್ಳಲಿ. ಬಂಪರಿನ ಮೇಲೆ ಒತ್ತಿ ಉಜ್ಜಿದಾಗ ಅದಕ್ಕೆ ಜಿಡ್ಡು ಹತ್ತಿದರೆ ಆ ಕಪ್ಪು ನಿನ್ನೆ ಮೊನ್ನೆಯದು. ಆಗ ಗಾಡಿಯ ಉಳಿದ ಭಾಗಗಳನ್ನೂ ಮೆಕ್ಯಾನಿಕ್ಕನ ಕೈಯಲ್ಲಿ ನೋಡಿಸದೆ ಮುಂಗಡ ಕೊಡಬೇಡಿ.

ಇನ್ನೊಂದು ಮಾತು. ಸ್ಕೂಟರಿನ ಕಾಲಿಡುವ ಹಲಗೆ, ಜೀಪಿನ ಮೆಟ್ಟಿಲು, ಪೆಡಲುಗಳಿಗೆ ಇವುಗಳಲ್ಲಿ ಯಾವುದನ್ನೂ ಹಚ್ಚಬಾರದು. ಮಳೆಯಲ್ಲಿ ಕಾಲು ಜಾರುತ್ತದೆ.